ಮೈಮೇಲೆ ಹಾರುವ ನಾಯಿಗೆ ನಾಲ್ಕೂ ಕಾಲು ನೆಲದ ಮೇಲಿಡುವುದನ್ನು ಕಲಿಸುವುದು

ಬಂದವರ ಮೈಮೇಲೆ ನಾಯಿ ಹಾರುವುದು ಪೊಗರಿನಿಂದಲ್ಲ. ಮರಿಯಾಗಿದ್ದಾಗ ಅದು ತಾಯಿಯ ಬಾಯಿ ನೆಕ್ಕಿ ಮಾತಾಡಿಸಿದೆ. ಮನುಷ್ಯರ ಮುಖ ಐದಡಿ ಮೇಲಿರುತ್ತದೆ, ಅದಕ್ಕೇ ಹಾರುತ್ತದೆ. ಎರಡು ತಿಂಗಳ ಮರಿ ಮೊಣಕಾಲಿಗೆ ಕಾಲಿಟ್ಟಾಗ ಮನೆಯವರೆಲ್ಲ ಎತ್ತಿ ಮುದ್ದಾಡುತ್ತಾರೆ. ಅದೇ ಲ್ಯಾಬ್ರಡಾರ್ ಬೆಳೆದು 30 ಕೆಜಿ ತೂಗಿ, ಮಳೆಗಾಲದ ಕೆಸರು ಕಾಲಿನಲ್ಲಿ ಅಜ್ಜಿಯ ಎದೆಗೆ ನೆಗೆದಾಗ ಬೈಯುತ್ತಾರೆ. ನಾಯಿಯ ಲೆಕ್ಕ ಮಾತ್ರ ಬದಲಾಗಿಲ್ಲ: ಹಾರಿದರೆ ಜನ ನೋಡುತ್ತಾರೆ, ಮುಟ್ಟುತ್ತಾರೆ, ಮಾತಾಡಿಸುತ್ತಾರೆ. 'ಏಯ್, ಇಳಿ!' ಎಂದು ಕೂಗಿದರೂ ಮಾತಾಡಿಸಿದಂತೆಯೇ. ಎರಡು ಕೈಯಲ್ಲಿ ತಳ್ಳಿದರೆ ಅದಕ್ಕೆ ಕುಸ್ತಿಯಾಟ.

ಹಾಗಾಗಿ ಹಾರಿದರೆ ಏನೂ ಸಿಗಬಾರದು, ಕಾಲು ನೆಲದ ಮೇಲಿದ್ದರೆ ಎಲ್ಲವೂ ಸಿಗಬೇಕು. ಹೆಚ್ಚಿನವರು ಮೊದಲ ಅರ್ಧವನ್ನಷ್ಟೇ ಮಾಡಿ, ನಾಯಿ ಕಲಿಯುತ್ತಿಲ್ಲ ಎನ್ನುತ್ತಾರೆ. ಏನು ಮಾಡಬಾರದೆಂದು ತಿಳಿದರೆ ಸಾಲದು, ಅದರ ಬದಲು ಏನು ಮಾಡಬೇಕೆಂದು ನಾಯಿಗೆ ಗೊತ್ತಾಗಬೇಕು.

ಬೇಕಾಗುವುದು ಆರಡಿಯ ಲೀಶ್ (ನಾಯಿಯನ್ನು ಹಿಡಿಯುವ ಹಗ್ಗ), ಎದೆಗೆ ಹಾಕುವ ಪಟ್ಟಿ, ಅಂದರೆ ಹಾರ್ನೆಸ್, ಒಳ್ಳೆಯ ತಿಂಡಿ. ಕಟ್ಟಿಹಾಕಿದ ನಾಯಿ ನೆಗೆದಾಗ ಕಾಲರ್ ಕತ್ತಿಗೆ ಬಿಗಿಯುತ್ತದೆ, ಹಾಗಾಗಿ ಹಾರ್ನೆಸ್ಸೇ ಇರಲಿ. ತಿಂಡಿಗೆ ಉಪ್ಪು, ಮಸಾಲೆ ಹಾಕದೆ ಬೇಯಿಸಿದ ಕೋಳಿ ಅಥವಾ ಪನೀರ್ ಸಾಕು. ಸಣ್ಣ ನಾಯಿಗೆ ಕಡಲೆಬೇಳೆಯಷ್ಟು, ದೊಡ್ಡದಕ್ಕೆ ಬಟಾಣಿಯಷ್ಟು ತುಂಡು. ತುಂಡು ದೊಡ್ಡದಾದರೆ ಅಗಿಯುತ್ತ ಕೂರುತ್ತದೆ, ಬೇಗ ಹೊಟ್ಟೆಯೂ ತುಂಬುತ್ತದೆ. ತಿಂಡಿ ದಿನದ ಆಹಾರದ ಹತ್ತನೇ ಒಂದು ಭಾಗ ಮೀರದಿರಲಿ, ಅಷ್ಟನ್ನು ಊಟದಲ್ಲಿ ಕಡಿಮೆ ಮಾಡಿ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ.

ಮೊದಲು ಮನೆಯವರ ಜೊತೆಗೇ ಅಭ್ಯಾಸ. ಲೀಶನ್ನು ಕಿಟಕಿಯ ಸರಳಿಗೋ ಭಾರದ ಮಂಚದ ಕಾಲಿಗೋ ಕಟ್ಟಿ. ಪ್ಲಾಸ್ಟಿಕ್ ಕುರ್ಚಿಗೆ ಕಟ್ಟಿದರೆ ಕುರ್ಚಿಯೂ ಜೊತೆಗೆ ಬರುತ್ತದೆ, ಆ ಸದ್ದಿಗೇ ನಾಯಿ ಹೆದರುತ್ತದೆ. ಹತ್ತಡಿ ದೂರದಿಂದ ನಿಧಾನವಾಗಿ ನಡೆದು ಬನ್ನಿ. ನಾಲ್ಕೂ ಕಾಲು ನೆಲದಲ್ಲಿದ್ದರೆ ಮುಂದೆ ಬನ್ನಿ. ಮುಂಗಾಲು ಎದ್ದ ಕೂಡಲೇ ಏನೂ ಹೇಳದೆ ಬೆನ್ನು ತಿರುಗಿಸಿ ವಾಪಸ್ ಹೋಗಿ. ಕಾಲು ಇಳಿಸಿದಾಗ ಮತ್ತೆ ಬನ್ನಿ. ಹತ್ತಿರ ತಲುಪಿದಾಗ 'ಶಬಾಷ್' ಎಂದು, ಒಂದು ಸೆಕೆಂಡಿನೊಳಗೆ ತಿಂಡಿ ಕೊಡಿ.

ಕೊಡುವ ಕೈಯ ಎತ್ತರದಲ್ಲೇ ಅರ್ಧ ವಿದ್ಯೆಯಿದೆ. ತಿಂಡಿಯನ್ನು ಎದೆಯ ಮಟ್ಟದಲ್ಲಿ ಹಿಡಿದು ತಂದರೆ ಮೂಗು ಮೇಲೇಳುತ್ತದೆ, ಮೂಗಿನ ಹಿಂದೆ ಮುಂಗಾಲೂ ಏಳುತ್ತದೆ. ಅದರ ಗದ್ದಕ್ಕಿಂತ ಕೆಳಗೆ ತನ್ನಿ, ಇಲ್ಲವೇ ನೆಲದ ಮೇಲೇ ಇಡಿ. ಸವರುವಾಗಲೂ ತಲೆಯ ಮೇಲಿಂದ ಕೈ ತರದೆ ಎದೆಯನ್ನೋ ಪಕ್ಕೆಯನ್ನೋ ಸವರಿ. ಒಮ್ಮೆಗೆ ಮೂರರಿಂದ ಐದು ನಿಮಿಷ, ದಿನಕ್ಕೆ ಎರಡು ಮೂರು ಸಲ ಸಾಕು.

ಇಲ್ಲಿ ಒಂದು ಎಡವಟ್ಟು ಆಗುತ್ತದೆ. ಹಾರಿ, ಇಳಿದ ತಕ್ಷಣ ತಿಂಡಿ ಕೊಡುತ್ತ ಹೋದರೆ 'ಹಾರು, ಇಳಿ, ತಿನ್ನು' ಎಂಬ ಮೂರನ್ನೂ ನಾಯಿ ಒಂದೇ ಪಾಠವಾಗಿ ಕಲಿಯುತ್ತದೆ. ಇಳಿದ ಮೇಲೆ ನಾಲ್ಕೈದು ಸೆಕೆಂಡ್ ನೆಲದಲ್ಲೇ ನಿಲ್ಲಲಿ, ಆಮೇಲೆ ಕೊಡಿ. ಇದಕ್ಕಿಂತ ಒಳ್ಳೆಯದು ಹಾರುವ ಮೊದಲೇ ಕೊಡುವುದು. ಹಿಂಗಾಲು ಕುಗ್ಗಿ, ಭಾರ ಹಿಂದಕ್ಕೆ ಹೋಗುವುದು ನೆಗೆತದ ಮುನ್ಸೂಚನೆ. ಅದಕ್ಕೂ ಮುಂಚೆ ನೆಲದ ಮೇಲೆ ಒಂದರ ಹಿಂದೆ ಒಂದು ತುಂಡು ಬೀಳುತ್ತಿರಲಿ.

ಕಟ್ಟಿದಾಗ ನೆಲ ಬಿಡದ ನಾಯಿಗೆ ಕೂರುವುದನ್ನು ಸೇರಿಸಿ. 'ಕೂತ್ಕೊ' ಅನ್ನಿ, 'ಸಿಟ್' ಅನ್ನಿ, ಮನೆಯವರೆಲ್ಲ ಒಂದೇ ಪದ ಹೇಳಿ. ಅಪ್ಪನಿಗೊಂದು, ಮಗಳಿಗೊಂದು ಪದವಾದರೆ ನಾಯಿಗೆ ಗೊಂದಲ. ಆಮೇಲೆ ಕಾಲಿಂಗ್ ಬೆಲ್. ನೆಂಟರು ಯಾರೂ ಇಲ್ಲದಾಗ ಮನೆಯವರಿಂದಲೇ ಬೆಲ್ ಒತ್ತಿಸಿ, ಸದ್ದಾದ ಕೂಡಲೇ ಬಾಗಿಲಿಂದ ದೂರದ ಚಾಪೆಯ ಮೇಲೆ ತಿಂಡಿ ಚೆಲ್ಲಿ. ಹೀಗೆ ಮಾಡುತ್ತ ಹೋದರೆ ಬೆಲ್ ಕೇಳಿದಾಗ ನಾಯಿ ಬಾಗಿಲು ಬಿಟ್ಟು ಚಾಪೆಯತ್ತ ಓಡುತ್ತದೆ.

ಕಷ್ಟದ ಕೆಲಸ ನೆಂಟರಿಗೆ ಕಲಿಸುವುದು. 'ಪರವಾಗಿಲ್ಲ ಬಿಡಿ, ನಂಗೆ ನಾಯಿ ಅಂದ್ರೆ ಇಷ್ಟ' ಎಂದು ಹಾರಿದ ನಾಯಿಯನ್ನು ತಬ್ಬಿಕೊಳ್ಳುವವರು ವಾರದ ಶ್ರಮವನ್ನು ಕೆಡಿಸುತ್ತಾರೆ. ಹತ್ತು ಸಲಕ್ಕೆ ಒಮ್ಮೆ ಸಿಗುವ ಮುದ್ದು ಹಾರುವ ಚಾಳಿಯನ್ನು ಇನ್ನೂ ಗಟ್ಟಿ ಮಾಡುತ್ತದೆ. ಅವರಿಗೆ ಬರಿ ಬೇಡ ಎನ್ನುವ ಬದಲು ಕೆಲಸ ಕೊಡಿ: ಗೇಟಿನಲ್ಲೇ ಮೂರು ತುಂಡು ಕೈಗಿಟ್ಟು, 'ಕೂತ ಮೇಲೆ ನೆಲದ ಮೇಲಿಡಿ' ಎನ್ನಿ. ನಾಯಿ ಲೀಶಿನಲ್ಲೇ ಇರಲಿ. ಲೀಶ್ ಎಳೆದು ಹಿಡಿಯಬೇಡಿ. ನಾಯಿ ನಿಂತರೆ, ಕೂತರೆ ಸಡಿಲವಾಗಿದ್ದು, ಹಾರಲು ಹೋದರಷ್ಟೇ ತಡೆಯುವಷ್ಟು ಉದ್ದ ಬಿಟ್ಟು ಲೀಶನ್ನು ಪಾದದಡಿ ಒತ್ತಿಕೊಳ್ಳಿ.

ಮಕ್ಕಳು ಕಿರುಚಿ ಓಡಿದರೆ ನಾಯಿ ಅಟ್ಟಿಸಿಕೊಂಡು ಹೋಗುತ್ತದೆ. ಕೈ ಕಟ್ಟಿ, ನೆಲ ನೋಡುತ್ತ ಅಲ್ಲಾಡದೆ ನಿಲ್ಲಲು ಹೇಳಿಕೊಡಿ. ಆದರೆ ತಡೆಯುವ ಜವಾಬ್ದಾರಿ ಮಗುವಿನದಲ್ಲ, ಲೀಶ್ ಹಿಡಿದವರದು. ವಯಸ್ಸಾದವರು, ಗರ್ಭಿಣಿಯರು ಬಂದಾಗ ಪಾಠದ ಪ್ರಯೋಗ ಬೇಡವೇ ಬೇಡ. ಅಗಿಯಲು ಏನಾದರೂ ಕೊಟ್ಟು ನಾಯಿಯನ್ನು ಬೇರೆ ಕೋಣೆಯಲ್ಲಿಡಿ.

ಶುರುವಾದ ಕೆಲವು ದಿನ ಹಾರಾಟ ಹೆಚ್ಚಬಹುದು, ಬೊಗಳಬಹುದು, ಪ್ಯಾಂಟ್ ಕಚ್ಚಿ ಎಳೆಯಬಹುದು. ಇಷ್ಟು ದಿನ ಫಲಿಸಿದ್ದು ಈಗ ಫಲಿಸದಿದ್ದಾಗ ಅದು ಇನ್ನಷ್ಟು ಜೋರಾಗಿ ಮಾಡಿ ನೋಡುತ್ತದೆ. ಆಗ ಸೋತು ಮಾತಾಡಿಸಿದರೆ, ಜೋರಾಗಿ ಹಾರಬೇಕು ಎಂಬುದೇ ಪಾಠವಾಗುತ್ತದೆ.

ಎದೆಗೆ ಮೊಣಕಾಲು ಕೊಡುವುದು, ಹಿಂಗಾಲಿನ ಬೆರಳು ತುಳಿಯುವುದು, ಮುಂಗಾಲು ಹಿಡಿದು ಅದುಮುವುದು ಇವನ್ನು ಯಾರು ಹೇಳಿದರೂ ಮಾಡಬೇಡಿ. ಪೆಟ್ಟಾಗುವುದಷ್ಟೇ ಅಲ್ಲ, ಜನ ಬಂದರೆ ನೋವು ಎಂದು ಕಲಿತ ನಾಯಿ ನಾಳೆ ಗುರುಗುಟ್ಟುತ್ತದೆ. ಈಗಾಗಲೇ ಮೈ ಸೆಟೆದು, ಗುರುಗುಟ್ಟುತ್ತ ಮೇಲೆ ಬೀಳುತ್ತಿದ್ದರೆ ಅದು ಸ್ವಾಗತವಲ್ಲ, ಪಶುವೈದ್ಯರಿಗೆ ತೋರಿಸಿ. ಉಗುರು ತಾಗಿ ಚರ್ಮ ಕಿತ್ತರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ವೈದ್ಯರನ್ನು ಕಾಣಬೇಕು.

ಕಲಿತ ಮೇಲೂ ತಿಂಡಿಯನ್ನು ಒಮ್ಮೆಲೇ ನಿಲ್ಲಿಸಬೇಡಿ. ಮನೆಯವರು ಬಂದಾಗ ಸವರುವುದೇ ಬಹುಮಾನವಾಗಲಿ, ಹೊಸಬರು ಬರುವಾಗ ಕೊಡಲು ಬಾಗಿಲ ಬಳಿ ಒಂದು ತಿಂಡಿ ಡಬ್ಬಿ ಇನ್ನೂ ಕೆಲವು ತಿಂಗಳು ಇರಲಿ.