ಉಸುಕು ಹೊಲದಲ್ಲಿ ಪಸೆ ಹಿಡಿಸಿದ್ದು: ನನ್ನ ಅನುಭವ

ಯಾದಗಿರಿ ಹತ್ತಿರ ಭೀಮಾ ದಂಡೆಗೆ ನನ್ನದು ಮೂರು ಎಕರೆ ಉಸುಕು ಹೊಲ. ಬೆಳಿಗ್ಗೆ ನೀರು ಬಿಟ್ಟರೆ ಸಂಜೆಗೆ ಬೇರಿನ ಹತ್ತಿರ ಪಸೆ ಇರುತ್ತಿರಲಿಲ್ಲ. ಕೆರೆ ಹೂಳು ಹಾಕ್ತೀನಿ ಅಂದಾಗ ಪಕ್ಕದ ಹೊಲದ ಕಾಕಾ, "ಹೊಳ್ಯಾಗ ಹುಣಸೆಹಣ್ಣು ತೊಳದಂಗ ಆಗ್ತದ ನೋಡು ತಮ್ಮಾ" ಅಂದಿದ್ದರು.

ಮೊದಲ ವರ್ಷ ಅವರ ಮಾತೇ ನಿಜವಾಯಿತು. ಒಂದು ಎಕರೆಗೆ 60 ಟ್ರ್ಯಾಕ್ಟರ್ ಟ್ರಿಪ್ ಕರಿ ಹೂಳು ಹೊಡೆಸಿದೆ, ಟ್ರಿಪ್ಪಿಗೆ ಸುಮಾರು 700 ರೂಪಾಯಿ, ಒಂದೇ ಸಲ ನೇಗಿಲು ಹೊಡೆದು ಶೇಂಗಾ ಬಿತ್ತಿದೆ. ಮಳೆ ಬಿದ್ದು ಬಿಸಿಲಾದ ಮೇಲೆ ಹೂಳೆಲ್ಲ ಚಪ್ಪಡಿಯಂತೆ ಗಟ್ಟಿಯಾಯಿತು. ಮುಂದಿನ ಮಳೆಗೆ ಮೇಲೆ ನೀರು ನಿಂತಿದೆ, ಗೇಣು ಕೆದರಿದರೆ ಕೆಳಗೆ ಒಣ ಉಸುಕು! ಬೀಜ, ಬಾಡಿಗೆ ಸೇರಿ 50 ಸಾವಿರದ ಮೇಲೆ ಹೋಯಿತು. ಮನೆಯಲ್ಲಿ ತಿಂಗಳುಗಟ್ಟಲೆ ಹೂಳಿನ ಮಾತೇ ಎತ್ತುವ ಹಾಗಿರಲಿಲ್ಲ.

ಆಮೇಲೆ ಎಷ್ಟು ಹೂಳು ಸಾಕು ಅಂತ ನೋಡಲು ಬಾಟಲಿಗಳ ತಳ ಕತ್ತರಿಸಿ, ಬಾಯಿಗೆ ಬಟ್ಟೆ ಕಟ್ಟಿ, ತಲೆಕೆಳಗಾಗಿ ಸಾಲಾಗಿ ನಿಲ್ಲಿಸಿ, ಒಂದೊಂದರಲ್ಲಿ ಒಂದೊಂದು ಪ್ರಮಾಣದ ಹೂಳು ಬೆರೆಸಿದ ಉಸುಕು ತುಂಬಿ ನೀರು ಹೊಯ್ದೆ. ಬರೀ ಉಸುಕಿನಲ್ಲಿ ಅರ್ಧ ಲೀಟರ್ ನೀರು ಎರಡೇ ನಿಮಿಷಕ್ಕೆ ಇಳಿಯಿತು. ನೂರಕ್ಕೆ 5 ಪಾಲು ಹೂಳಿಗೆ ಹತ್ತು ನಿಮಿಷ, 10 ಪಾಲಿಗೆ ಮುಕ್ಕಾಲು ಗಂಟೆ, 20 ಪಾಲಿನದ್ದು ಮರುದಿನ ಬೆಳಿಗ್ಗೆಯೂ ತೊಟ್ಟಿಕ್ಕುತ್ತಿತ್ತು. ಕರಿ ಮಣ್ಣು ನೀರು ಕುಡಿದು ಉಬ್ಬುತ್ತದೆ, ಉಸುಕಿನ ಸಂದು ಮುಚ್ಚುತ್ತದೆ. ಅದಕ್ಕೇ ಸ್ವಲ್ಪ ಜಾಸ್ತಿಯಾದರೂ ಕೆಟ್ಟಿತು ಅಂತಲೇ ಲೆಕ್ಕ. ಬೀದರ್ ಕಡೆಯ ಬೀಗರ ಊರಿಂದ ಕೆಂಪು ಮಣ್ಣು ತಂದೂ ನೋಡಿದೆ. ಅದು ಅಷ್ಟು ಉಬ್ಬಲ್ಲ, ಅಷ್ಟೇ ತಡೆಗೆ ಹೆಚ್ಚುಕಮ್ಮಿ ಎರಡು ಪಟ್ಟು ಬೇಕಾಯಿತು.

ಕರಲು, ಅಂದರೆ ಸೋಡಿಯಂ ಹೆಚ್ಚಿರುವ ಕ್ಷಾರ ಹೂಳು ಮಾತ್ರ ಬೇಡವೇ ಬೇಡ. ಅದನ್ನು ಗುರುತಿಸಲು ಒಂದು ಒಣ ಹೆಂಟೆಯನ್ನು ಗ್ಲಾಸಿನ ಮಳೆನೀರಿನಲ್ಲಿ ಅಲುಗಾಡಿಸದೆ ಇಡಿ. ಹೆಂಟೆ ಕುಸಿದರೂ ಸುತ್ತಲಿನ ನೀರು ತಿಳಿಯಾಗಿದ್ದರೆ ಅಡ್ಡಿಯಿಲ್ಲ. ಮರುದಿನಕ್ಕೆ ನೀರು ಚಹಾದ ಹಾಗೆ ಕದಡಿ ನಿಂತರೆ ಆ ಕೆರೆ ಕಡೆ ಟ್ರ್ಯಾಕ್ಟರ್ ತಿರುಗಿಸಬೇಡಿ.

ಎರಡನೇ ವರ್ಷ ಅರ್ಧ ಎಕರೆಗೆ 15 ಟ್ರಿಪ್ ಮಾತ್ರ. ಬೇಸಿಗೆಯಲ್ಲಿ ಒಣಗಿಸಿ, ಹೆಂಟೆ ಒಡೆದು ಪುಡಿ ಮಾಡಿ ಹರಡಿದೆ, ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ರೋಟಾವೇಟರ್ ಹೊಡೆಸಿದೆ. ಹಸಿ ಹೂಳು ಉಂಡೆಯಾಗಿಯೇ ಉಳಿಯುತ್ತದೆ, ಉಸುಕಿನಲ್ಲಿ ಬೆರೆಯಲ್ಲ. ತಿಪ್ಪೆಗೊಬ್ಬರದ ಜೊತೆ ಇನ್ನೊಂದು ಹಾಕಿದ್ದೇನೆ, ಇನ್ನೆರಡು ಬೆಳೆ ನೋಡಿಯೇ ಅದನ್ನು ಹೇಳುವೆ.

ಮೆಣಸಿನಕಾಯಿಗೆ ದಿನಾ ಬಿಡುತ್ತಿದ್ದ ಡ್ರಿಪ್ ಈಗ ಮೂರು ದಿನಕ್ಕೊಮ್ಮೆ ಸಾಕು. ಹೋದ ವಾರ ಕಾಕಾ ಬಂದು ಬುಡದ ಮಣ್ಣು ಹಿಡಿದು ಮುಷ್ಟಿ ಕಟ್ಟಿದರು. ಬಿಚ್ಚಿದರೆ ಉಂಡೆ ಹಾಗೇ ನಿಂತಿತ್ತು. "ಯಾವ ಕೆರಿದು ಹೂಳು?" ಅಂದರು.