ತರಬೇತಿಯಲ್ಲಿ ಕಲಿತದ್ದನ್ನು ನಮ್ಮ ಡೈರಿಯಲ್ಲಿ ನಡೆಸಿದ ಬಗೆ: ನನ್ನ ಅನುಭವ

ನಾಗಮಂಗಲದ ಕಡೆಯ ಒಂದು ಹಳ್ಳಿಯ ಹಾಲು ಉತ್ಪಾದಕರ ಸಂಘಕ್ಕೆ ಅಧ್ಯಕ್ಷನಾಗಿ ನಾಲ್ಕು ವರ್ಷವಾಯಿತು. ದಿನಕ್ಕೆ ಸುಮಾರು 600 ಲೀಟರ್ ಹಾಲು, 110ರ ಆಸುಪಾಸು ಉತ್ಪಾದಕರು. ಮೊದಲ ವರ್ಷವೇ ಮೂರು ದಿನದ ನಾಯಕತ್ವ ತರಬೇತಿಗೆ ಹೋಗಿದ್ದೆ. ಹೊರಟಾಗ ನಿರ್ದೇಶಕರೊಬ್ಬರು, "ಅಲ್ಲಿ ಹೇಳೋದು ಅಲ್ಲಿಗೇ ಸರಿ, ಊರಲ್ಲಿ ನಡೆಯಲ್ಲ ಬುಡಿ" ಅಂದಿದ್ದರು. ಈಗ ನಡೆದಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕೆಟ್ಟದ್ದು ಹೇಳುತ್ತೇನೆ. ನಲವತ್ತು ಪುಟ ಬರೆದುಕೊಂಡು ಬಂದವನು ಎಲ್ಲವನ್ನೂ ಒಂದೇ ವಾರದಲ್ಲಿ ಶುರು ಮಾಡಿದೆ. ವಾಟ್ಸಾಪ್ ಗುಂಪು, ಸಲಹೆ ಪೆಟ್ಟಿಗೆ, ತಿಂಗಳ ಸಭೆ, ಗೋಡೆಗೆ ಫ್ಲೆಕ್ಸ್. ಫ್ಲೆಕ್ಸಿಗೇ 1,800 ರೂಪಾಯಿ ಹೋಯಿತು. ಗುಂಪಿನಲ್ಲಿ ಜಮೀನಿನ ಜಗಳ ಶುರುವಾಯಿತು. ಪೆಟ್ಟಿಗೆಯಲ್ಲಿ ಎರಡು ತಿಂಗಳಿಗೆ ಮೂರೇ ಚೀಟಿ. ಅದರ ನಡುವೆ ಒಂದು ಬೆಳಿಗ್ಗೆ ಹಾಲು ಪರೀಕ್ಷೆ ಮಾಡುವ ಟೆಸ್ಟರ್ ಹುಡುಗನನ್ನು, ಹಾಲು ಹಾಕಲು ನಿಂತವರ ಸಾಲಿನೆದುರೇ ಬೈದುಬಿಟ್ಟೆ. ಬೈಯುವುದಿದ್ದರೆ ಒಳಗೆ ಕರೆದು ಬೈಯಿರಿ ಎಂದು ನನ್ನ ಕೈಬರಹದಲ್ಲೇ ಇತ್ತು. ಅವನು ಒಂಬತ್ತು ದಿನ ಬರಲಿಲ್ಲ. ಬೇರೆಯವರನ್ನು ದಿನಕ್ಕೆ 350 ಕೊಟ್ಟು ನಿಲ್ಲಿಸಿದೆ, ಕೊನೆಗೆ ಅವನ ಮನೆಗೇ ಹೋಗಿ ಮಾತಾಡಿ ಕರೆತಂದೆ.

ಆ ಬೇಸಿಗೆಯಲ್ಲೇ 40 ಲೀಟರಿನ ಎಂಟು ಕ್ಯಾನು ಹುಳಿ ಎಂದು ವಾಪಸ್ ಬಂದವು. ಹತ್ತಿರ ಹತ್ತಿರ 11 ಸಾವಿರ ಚರಂಡಿ ಪಾಲು. ಎಸ್‌ಎನ್‌ಎಫ್, ಅಂದರೆ ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ, ಶೇಕಡ 8.2, 8.3ರಲ್ಲೇ ನಿಂತಿತ್ತು. 8.5 ಬರದೆ ಕಡಿತವಾಗುತ್ತಿದ್ದ ದುಡ್ಡು ತಿಂಗಳಿಗೆ 12 ಸಾವಿರ ಇದ್ದಿರಬೇಕು.

ಆಮೇಲೆ ದಾರಿ ಬದಲಿಸಿದೆ. ನೋಟ್‌ಬುಕ್ಕಿನಿಂದ ಒಂದೇ ಒಂದು ಸಾಲು ಆರಿಸುವುದು, ಅದು ರೂಢಿಯಾಗುವವರೆಗೆ ಬೇರೆ ಸಾಲು ಮುಟ್ಟದಿರುವುದು. ನಾನು ತಪ್ಪಿದರೆ ಮುಖಕ್ಕೆ ಹೇಳಲು ಒಬ್ಬರನ್ನು ಗೊತ್ತು ಮಾಡಿಕೊಂಡೆ. ಅವರು ಯಾರೆಂದು ಊರಿಗೆ ಇವತ್ತಿಗೂ ಗೊತ್ತಿಲ್ಲ, ಇಲ್ಲೂ ಹೇಳುವುದಿಲ್ಲ.

ಮೊದಲ ಸಾಲು: ದೂರು ಬಂದರೆ ಉತ್ತರ ಕೊಡುವ ಮೊದಲು ಬರೆದುಕೋ. ಒಂದು ತಿಂಗಳು ಬಾಯಿ ಕಟ್ಟಿಕೊಂಡು ಬರೆದೆ. ಅರವತ್ತು ಚಿಲ್ಲರೆ ದೂರು. ನಾನು ಫೀಡ್ (ಪಶು ಆಹಾರ) ದರದ ಬಗ್ಗೆ ಇರುತ್ತವೆ ಅಂದುಕೊಂಡಿದ್ದೆ. ಅರ್ಧಕ್ಕಿಂತ ಹೆಚ್ಚು ಎರಡೇ ವಿಷಯಕ್ಕೆ: ಪರೀಕ್ಷೆಗೆಂದು ತೆಗೆದ ಸ್ಯಾಂಪಲ್ ಹಾಲು ಎಲ್ಲಿಗೆ ಹೋಗುತ್ತೆ, ದೊಡ್ಡವರ ಹಾಲಿಗೆ ಡಿಗ್ರಿ ನೋಡುತ್ತಾರಾ ಇಲ್ಲವಾ. ಡಿಗ್ರಿ ಅಂದರೆ ಲ್ಯಾಕ್ಟೋಮೀಟರ್ ತೋರಿಸುವ ಅಂಕಿ, ಹಾಲಿಗೆ ನೀರು ಬೆರೆತರೆ ಅದು ಇಳಿಯುತ್ತದೆ. ಸ್ಯಾಂಪಲ್ ಹಾಲು ದಿನಕ್ಕೆ ಮೂರು ನಾಲ್ಕು ಲೀಟರ್ ಉಳಿಯುತ್ತಿತ್ತು. ಮಾರಿದ ದುಡ್ಡನ್ನು ಸಂಜೆ ಸಂಜೆಗೆ ಕರಿಹಲಗೆ ಮೇಲೆ ಬರೆಸಿದೆ. ಆ ದೂರು ಹದಿನೈದು ದಿನದಲ್ಲಿ ನಿಂತಿತು, ಖರ್ಚು ಒಂದು ಡಬ್ಬಿ ಸೀಮೆಸುಣ್ಣ.

ಎರಡನೇ ಸಾಲು ಕಷ್ಟದ್ದು: ನಿಯಮ ಮೊದಲು ನಿನಗೆ. ಅಲ್ಲಿಯವರೆಗೆ ನಮ್ಮ ಮನೆ ಹಾಲು ನೇರ ತೂಕಕ್ಕೆ ಹೋಗುತ್ತಿತ್ತು. ಬೆಳಿಗ್ಗೆ ಆರೂವರೆಗೆ ನಾನೇ ಕ್ಯಾನು ಹಿಡಿದು ಸಾಲಿನಲ್ಲಿ ನಿಂತೆ. ಹುಡುಗ ಲ್ಯಾಕ್ಟೋಮೀಟರ್ ಬಿಟ್ಟ, ಬಗ್ಗಿ ನೋಡಿದ, ಇನ್ನೊಂದು ಸಲ ಹಾಲು ಕಲಕಿ ಬಿಟ್ಟ. "ಅಣ್ಣ, 24 ಬತ್ತಾ ಅದೆ" ಅಂದ, ಮೆಲ್ಲಗೆ. ಕ್ಯಾನು ತೊಳೆದ ನೀರು ಪೂರ್ತಿ ಬಸಿದಿರಲಿಲ್ಲ. ಸಾಲಿನಲ್ಲಿ ಉಸಿರಿಲ್ಲ. "ಬೇರೆಯವರದಾಗಿದ್ರೆ ಏನ್ ಮಾಡ್ತಿದ್ದೆ?" ಅಂದೆ. "ವಾಪಸ್ ಕಳುಸ್ತಿದ್ದೆ." "ಹಂಗಾದ್ರೆ ವಾಪಸ್ ಕಳ್ಸು." ಒಂಬತ್ತು ಲೀಟರ್ ಮನೆಗೆ ಹೊತ್ತು ಹೋದೆ. ಮನೆಯವಳು ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಆದರೆ ಅವತ್ತಿನಿಂದ ಆ ಹುಡುಗನ ಜೊತೆ ಡಿಗ್ರಿಗೆ ಜಗಳ ಮಾಡಿದವರನ್ನು ನಾನು ನೋಡಿಲ್ಲ. ದೊಡ್ಡ ಉತ್ಪಾದಕರಿಬ್ಬರನ್ನು ಸಾಲಿಗೆ ತಂದದ್ದು ಬೇರೆ ಉಪಾಯದಿಂದ. ಅದು ಅವರ ಮರ್ಯಾದೆಯ ವಿಷಯ, ಬರೆಯುವುದಿಲ್ಲ. ಐದಾರು ತಿಂಗಳಲ್ಲಿ ಎಸ್‌ಎನ್‌ಎಫ್ 8.5 ದಾಟಿತು.

ಸಂಜೆ ಹಾಲು ಹುಳಿಯಾಗದಿರಲಿ ಎಂದು ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಕ್ಯಾನುಗಳಿಗೆ ಒದ್ದೆ ಗೋಣಿಚೀಲ ಸುತ್ತಿದೆವು, ಅಷ್ಟೇನೂ ಪ್ರಯೋಜನವಾಗಲಿಲ್ಲ. ಹಾಲು ತೆಗೆದುಕೊಳ್ಳುವುದನ್ನೇ ಇಪ್ಪತ್ತು ನಿಮಿಷ ತಡವಾಗಿ ಶುರು ಮಾಡಿ ಗಾಡಿಗೆ ಕಾಯುವುದು ಕಡಿಮೆಯಾದ ಮೇಲೆ, ಕಳೆದ ಬೇಸಿಗೆಯಲ್ಲಿ ವಾಪಸ್ ಬಂದದ್ದು ಒಂದೇ ಕ್ಯಾನು. ಈ ಐಡಿಯಾ ಕೊಟ್ಟದ್ದು ದೂರಿನ ಪುಸ್ತಕದಲ್ಲಿ ಹೆಸರು ಬರೆಸಿದ್ದ ಅಜ್ಜಿಯೊಬ್ಬರು. ಎರಡು ಹಸು ಕಟ್ಟಿಕೊಂಡವರು ಅವರು. ಅವರನ್ನು ಕೇಳಬೇಕೆಂದು ನನಗೆ ಮೊದಲೇ ಹೊಳೆಯಬೇಕಿತ್ತು.

ಈಗ ಆರನೇ ಸಾಲು ನಡೆಯುತ್ತಿದೆ: ನೀನಿಲ್ಲದಾಗಲೂ ಕೆಲಸ ನಡೆಯಬೇಕು. ಹೋದ ತಿಂಗಳು ಬಟವಾಡೆ ಪಟ್ಟಿ ಮಾಡುವ ದಿನವೇ ಬೇಕೆಂತಲೇ ಮಗಳ ಊರಿಗೆ ಹೋದೆ. ಸಂಜೆವರೆಗೆ ಬಂದದ್ದು ಒಂದೇ ಫೋನು, ಫೀಡ್ ಲೋಡ್ ಬಂದಿದೆ, ಗೋಡೌನ್ ಬೀಗದ ಕೈ ಎಲ್ಲಿ ಎಂದು. ಅದು ನನ್ನ ಜೇಬಿನಲ್ಲೇ ಇತ್ತು. ಮರುದಿನ ನಾಗಮಂಗಲದಲ್ಲಿ ಇನ್ನೊಂದು ಕೀ ಮಾಡಿಸಿ ನಮ್ಮ ನಿರ್ದೇಶಕಿಯೊಬ್ಬರ ಕೈಗೆ ಕೊಟ್ಟೆ.