ಅಲರ್ಟ್‌ನಲ್ಲಿ 10612, ರ‍್ಯಾಕ್‌ನಲ್ಲಿ ಯಾವುದು?

ಕೆಲಸಕ್ಕೆ ಸೇರಿದ ಹೊಸತರಲ್ಲಿ, ಒಂದು ರಾತ್ರಿ ಪಾಳಿಯಲ್ಲಿ ಬಂದ ಅಲರ್ಟ್ ಇಷ್ಟೇ: ‘ಇಂಟರ್ಫೇಸ್ 10612 ಡೌನ್’. ಕೊನೆಯಲ್ಲಿ 12 ಇದೆಯಲ್ಲ ಎಂದು ಎಲ್ಲಕ್ಕಿಂತ ಮೇಲಿದ್ದ ನೆಟ್‌ವರ್ಕ್ ಸ್ವಿಚ್ಚಿನ (ಸಾಧನಗಳನ್ನು ಕೇಬಲ್‌ನಿಂದ ಜಾಲಕ್ಕೆ ಜೋಡಿಸುವ ಪೆಟ್ಟಿಗೆ) ಹನ್ನೆರಡನೆಯ ಪೋರ್ಟಿನ ಕೇಬಲ್ ಕಿತ್ತೆ. ಗೇಟಿನ ಕ್ಯಾಮೆರಾ ಕುರುಡಾಯಿತು. ಕಾವಲುಗಾರರು ಓಡಿ ಬಂದರು.

10612 ಎಂಬುದು ಸ್ವಿಚ್ಚು ತನ್ನ ಲೆಕ್ಕಕ್ಕೆ ಇಟ್ಟುಕೊಂಡ ಇಫ್‌ಇಂಡೆಕ್ಸ್ ಸಂಖ್ಯೆ. ತಗಡಿನ ಮೇಲೆ ಅಚ್ಚಾದ ಅಂಕಿಯಲ್ಲ. ನಮ್ಮಲ್ಲಿದ್ದದ್ದು ಸಿಸ್ಕೋ 3750 ಸ್ಟ್ಯಾಕ್, ಅಂದರೆ ಒಂದೇ ಸ್ವಿಚ್ಚಿನಂತೆ ಕೆಲಸ ಮಾಡಲು ಜೋಡಿಸಿದ ಹಲವು ಸ್ವಿಚ್ಚುಗಳು. ಅದರಲ್ಲಿ ಮೊದಲ ಸ್ವಿಚ್ಚಿನ ಗಿಗಾಬಿಟ್ ಪೋರ್ಟುಗಳು 10101ರಿಂದ, ಎರಡನೆಯದರವು 10601ರಿಂದ ಶುರು. ಇದನ್ನು ಬಾಯಿಪಾಠ ಮಾಡಬೇಡಿ. ಬೇರೆ ಮಾದರಿಗೆ ಬೇರೆ ಲೆಕ್ಕ, ಕೆಲವು ಸಾಧನಗಳಲ್ಲಿ ರೀಬೂಟ್ ಆದರೆ ಸಂಖ್ಯೆಯೇ ಬದಲಾಗುತ್ತದೆ.

ಸ್ವಿಚ್ಚನ್ನೇ ಕೇಳಿ. ಎಸ್‌ಎನ್‌ಎಂಪಿಯಲ್ಲಿ (ಸಾಧನವನ್ನು ಜಾಲದ ಮೂಲಕವೇ ವಿಚಾರಿಸುವ ವಿಧಾನ) 1.3.6.1.2.1.31.1.1.1.1ರ ಕೊನೆಗೆ ಚುಕ್ಕಿ ಇಟ್ಟು 10612 ಸೇರಿಸಿದರೆ ಪೋರ್ಟಿನ ಹೆಸರು ಬರುತ್ತದೆ: ‘ಜಿಐ2/0/12’. ಆ ಸಾಲಿನಲ್ಲಿ 10612ಕ್ಕೆ ಹಿಂದಿನ 1ರ ಬದಲು 18 ಹಾಕಿದರೆ, ಯಾರಾದರೂ ಪುಣ್ಯಾತ್ಮರು ಬರೆದಿಟ್ಟಿದ್ದರೆ, ಪೋರ್ಟಿನ ವಿವರಣೆ ಸಿಗುತ್ತದೆ.

ಆ ಹೆಸರಿನ 2 ಎಂದರೆ ಸ್ಟ್ಯಾಕ್‌ನ ಎರಡನೆಯ ಸದಸ್ಯ. ಮೇಲಿನಿಂದ ಎರಡನೆಯದು ಎಂದಲ್ಲ. ನಮ್ಮಲ್ಲಿ ಅದು ಎಲ್ಲಕ್ಕಿಂತ ಕೆಳಗೆ, ಯುಪಿಎಸ್ ಪಕ್ಕ ಕುಳಿತಿತ್ತು. ಮುಂಭಾಗದ ಮೋಡ್ ಗುಂಡಿ ಒತ್ತುತ್ತಾ ‘ಸ್ಟ್ಯಾಕ್’ ದೀಪ ಬರುವಂತೆ ಮಾಡಿ: ಆ ಸ್ವಿಚ್ಚಿನ ಸದಸ್ಯ ಸಂಖ್ಯೆ ಎಷ್ಟೋ ಅಷ್ಟನೆಯ ಪೋರ್ಟಿನ ದೀಪ ಮಿನುಗುತ್ತದೆ. ನೋಡಿಕೊಂಡು ಮತ್ತೆ ‘ಸ್ಟ್ಯಾಟ್’ಗೆ ತನ್ನಿ. ಬೆಸ ಸಂಖ್ಯೆಗಳು ಮೇಲಿನ ಸಾಲಿನಲ್ಲಿ, ಸಮ ಸಂಖ್ಯೆಗಳು ಕೆಳಗೆ. 12 ಇರುವುದು 11ರ ಕೆಳಗೆ.

ಕೈ ಹಾಕುವ ಮುನ್ನ ಪೋರ್ಟಿನ ದೀಪ ನೋಡಿ. ಡೌನ್ ಆದ ಪೋರ್ಟಿನ ದೀಪ ಸಾಮಾನ್ಯವಾಗಿ ಆರಿರುತ್ತದೆ. ಹಸಿರಾಗಿ ಉರಿಯುತ್ತಿದ್ದರೆ ನೀವು ತಪ್ಪು ಕಡೆ ನಿಂತಿದ್ದೀರಿ, ಇಲ್ಲವೇ ಪೋರ್ಟ್ ಅಷ್ಟರಲ್ಲಿ ತಾನೇ ಎದ್ದಿದೆ. ಅಂದು ನಾನು ಕಿತ್ತದ್ದು ಹಸಿರು ದೀಪದ ಕೇಬಲನ್ನೇ.

ಆ ಪೋರ್ಟಿನಲ್ಲಿ ಏನಿತ್ತೆಂದು ಮ್ಯಾಕ್ ವಿಳಾಸದ ಪಟ್ಟಿಯಲ್ಲಿ (ಯಾವ ಪೋರ್ಟಿನಲ್ಲಿ ಯಾವ ಸಾಧನ ಎಂದು ಸ್ವಿಚ್ಚು ಇಟ್ಟುಕೊಳ್ಳುವ ದಾಖಲೆ) ಹುಡುಕಿದರೆ ಸಾಮಾನ್ಯವಾಗಿ ಖಾಲಿ. ಲಿಂಕ್ ಬಿದ್ದೊಡನೆ ಸ್ವಿಚ್ಚು ಆ ಪೋರ್ಟಿನಲ್ಲಿ ಕಲಿತದ್ದನ್ನು ಮರೆಯುತ್ತದೆ. ಹಾಗಾಗಿ ಆ ಪಟ್ಟಿಯ ಪ್ರತಿಯನ್ನು ದಿನವೂ ಸಂಜೆ ಒಂದು ಕಡತಕ್ಕೆ ಇಳಿಸಿಡುತ್ತೇನೆ.

ಕೊನೆಗೆ ಸರಿಯಾದ 12ರಲ್ಲಿ ಸಿಕ್ಕಿದ್ದು ಚಿಲಕ ಮುರಿದ ಕನೆಕ್ಟರ್. ಕೇಬಲ್ ಬದಲಿಸಿ, ಎರಡೂ ತುದಿಗೆ ಚೀಟಿ ಅಂಟಿಸಿ, ಖಾಲಿ ಬಿದ್ದಿದ್ದ ವಿವರಣೆಯಲ್ಲಿ ಕೋಣೆಯ ಸಂಖ್ಯೆ ಬರೆದೆ.